ಮಸೂದೆಯೋ, ಕಾಯ್ದೆಯೋ: ವಿದೇಶ ಪುಟಕ್ಕೆ ಹೊಸದಾಗಿ ಬಂದವರಿಗೆ

2022ರ ಏಪ್ರಿಲ್ ಕೊನೆಯ ವಾರ. ವಿದೇಶ ಪುಟ ನನ್ನ ಕೈಯಲ್ಲಿತ್ತು. ಆಫ್ರಿಕಾದಲ್ಲಿ ರಷ್ಯಾದ ‘ದುರುದ್ದೇಶದ ಚಟುವಟಿಕೆ’ ಎದುರಿಸುವ ಮಸೂದೆಗೆ ಅಮೆರಿಕದ ಜನಪ್ರತಿನಿಧಿ ಸಭೆ 415–9 ಮತಗಳಿಂದ ಒಪ್ಪಿಗೆ ಕೊಟ್ಟಿದೆ ಎಂದು ಸುದ್ದಿ ಏಜೆನ್ಸಿಯಿಂದ ಕಾಪಿ ಬಂತು. ಪುಟ ಬಿಡುವ ಗಡಿಬಿಡಿಯಲ್ಲಿ ‘ರಷ್ಯಾ ವಿರುದ್ಧ ಅಮೆರಿಕ ಕಾಯ್ದೆ’ ಎಂದು ತಲೆಬರಹ ಕೊಟ್ಟುಬಿಟ್ಟೆ. ಬೆಳಿಗ್ಗೆ ಧಾರವಾಡದಿಂದ ಓದುಗರೊಬ್ಬರ ಫೋನ್: ‘ಸೆನೆಟ್ನ್ಯಾಗ ಯಾವಾಗ ಪಾಸಾತ್ರೀ ಸರ?’

ಪಾಸಾಗಿರಲೇ ಇಲ್ಲ. ಆ ಫೋನ್ ಬಂದ ಮೇಲೆ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಮಸೂದೆ ಎಲ್ಲಿಗೆ ಬಂದು ನಿಂತಿದೆ ನೋಡಿ. ಸಮಿತಿ, ಜನಪ್ರತಿನಿಧಿ ಸಭೆ (ಕೆಳಮನೆ), ಸೆನೆಟ್ (ಮೇಲ್ಮನೆ), ಅಧ್ಯಕ್ಷರ ಸಹಿ. ಸಹಿಯ ತನಕ ‘ಮಸೂದೆ’ ಎಂದೇ ಬರೆಯಿರಿ. ತಲೆಬರಹದಲ್ಲಿ ಜಾಗ ಸಾಲದಿದ್ದರೆ ‘ಅಮೆರಿಕ’ ತೆಗೆಯಿರಿ, ‘ಮಸೂದೆ’ ತೆಗೆಯಬೇಡಿ.

ಆಮೇಲೆ ಕ್ರಿಯಾಪದ ಹುಡುಕಿ. ಇಂಥ ಮಸೂದೆಗಳ ಮೊದಲ ಪುಟಗಳ ತುಂಬ ‘ಕಾಂಗ್ರೆಸ್ಸಿನ (ಅಂದರೆ ಅಮೆರಿಕದ ಸಂಸತ್ತಿನ) ಅಭಿಪ್ರಾಯ’ ಇರುತ್ತದೆ. ಅದು ಭಾಷಣ, ಯಾರನ್ನೂ ಕಟ್ಟಿಹಾಕುವುದಿಲ್ಲ. ‘ಶಲ್’ (shall, ಮಾಡಲೇಬೇಕು) ಎಂದು ಇರುವ ಕಡೆ ಪೆನ್ಸಿಲ್ ಗುರುತು ಹಾಕಿ, ಯಾರು ಏನು ಮಾಡಲೇಬೇಕು ಎಂದು ಕೇಳಿಕೊಳ್ಳಿ. ಬಹಳ ಸಲ ಉತ್ತರ ಒಂದೇ: ವಿದೇಶಾಂಗ ಇಲಾಖೆ ಒಂದು ಕಾರ್ಯತಂತ್ರ ಬರೆದುಕೊಡಬೇಕು. ಲ್ಯಾಟಿನ್ ಅಮೆರಿಕದಲ್ಲಿ ಇರಾನಿನ ಪ್ರಭಾವ ಎದುರಿಸಲೆಂದು ಮಾಡಿದ ಕಾಯ್ದೆಗೆ 2012ರ ಡಿಸೆಂಬರ್ 28ರಂದು ಒಬಾಮ ಸಹಿ ಹಾಕಿದರು. 180 ದಿನದೊಳಗೆ ಕಾರ್ಯತಂತ್ರ ಕೊಡಿ ಎಂಬುದೇ ಅದರ ತಿರುಳು. 2013ರ ಜೂನ್‌ನಲ್ಲಿ ಇಲಾಖೆ ಕೊಟ್ಟ ವರದಿ, ಅಲ್ಲಿ ಇರಾನಿನ ಪ್ರಭಾವ ಇಳಿಮುಖವಾಗಿದೆ ಎಂದಿತು! ಎದುರಿಸಲು ಹೊರಟವರಿಗೆ ಎಷ್ಟು ಪೇಚಾಯಿತೋ.

ಇನ್ನು ದುಡ್ಡು. ಇದನ್ನು ನಿಧಾನವಾಗಿ ಓದಿ, ಎಡವುವುದೇ ಇಲ್ಲಿ. ಒಂದು ಕಾನೂನು ‘ಇಷ್ಟು ಖರ್ಚು ಮಾಡಬಹುದು’ ಎನ್ನುತ್ತದೆ; ಹಣ ನಿಜಕ್ಕೂ ಹೊರಬರುವುದು ಬೇರೊಂದರಿಂದ, ನಮ್ಮ ವಿಧಾನಸಭೆಯ ಧನವಿನಿಯೋಗ ಮಸೂದೆಯ ಹಾಗೆ. ಅಂಕಿ ಕಂಡ ಕೂಡಲೇ ‘ಕೊಟ್ಟಿತು’ ಎಂದು ಬರೆಯಬೇಡಿ. (ಬಿಲಿಯನ್ ಎಂದರೆ ನೂರು ಕೋಟಿ. ಹತ್ತು ಕೋಟಿ ಎಂದು ಬರೆದವರನ್ನೂ ನೋಡಿದ್ದೇನೆ.)

ನನ್ನ ಅನುಭವದಲ್ಲಿ, ಎದುರಾಳಿಯ ಹೆಸರನ್ನು ಹಣೆಗೆ ಅಂಟಿಸಿಕೊಂಡು ಬರುವ ಮಸೂದೆಗಿಂತ ಸದ್ದಿಲ್ಲದೆ ಬರುವುದೇ ಹೆಚ್ಚು ಕೆಲಸ ಮಾಡುತ್ತದೆ. ಬೇರೆ ದೇಶಗಳಲ್ಲಿ ರಸ್ತೆ, ಬಂದರು ಕಟ್ಟಲು ಚೀನಾ ಕೊಡುವ ಬೆಲ್ಟ್ ಅಂಡ್ ರೋಡ್ ಸಾಲಗಳಿಗೆ ಎದುರು ನಿಲ್ಲುವಂತೆ ಅಮೆರಿಕ ತನ್ನ ಅಭಿವೃದ್ಧಿ ಹಣಕಾಸು ಸಂಸ್ಥೆಯನ್ನು ಹೊಸದಾಗಿ ಕಟ್ಟಿ, ಹೂಡಿಕೆಯ ಮಿತಿಯನ್ನು 2,900 ಕೋಟಿ ಡಾಲರಿನಿಂದ 6,000 ಕೋಟಿಗೆ ಏರಿಸಿದ್ದು 2018ರಲ್ಲಿ. ಅದು ಸೇರಿಕೊಂಡಿದ್ದು ಎಲ್ಲಿ? ವಿಮಾನಯಾನ ಇಲಾಖೆಯ ಮಸೂದೆಯೊಳಗೆ! ಶಾಂತಸಾಗರದ ಪಲಾವ್, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾಗಳಿಗೆ 20 ವರ್ಷಕ್ಕೆ 710 ಕೋಟಿ ಡಾಲರ್ ಮೀಸಲಿಟ್ಟದ್ದೂ ಹಾಗೆಯೇ, 2024ರ ಮಾರ್ಚ್ 9ರಂದು ಸಹಿಯಾದ ಖರ್ಚುವೆಚ್ಚದ ಕಾಯ್ದೆಯ ಒಳಪುಟಗಳಲ್ಲಿ. ಈ ಮೂರು ದೇಶಗಳ ಕಡಲಿಗೆ ಬೇರೆ ದೇಶದ ಸೇನೆ ಕಾಲಿಡದಂತೆ ತಡೆಯುವ ಹಕ್ಕು ಅಮೆರಿಕದ್ದು. ಅಮೆರಿಕ ಕ್ಷಿಪಣಿ ಪರೀಕ್ಷೆ ಮಾಡುವ ಕ್ವಾಜಲೀನ್ ಇರುವುದು ಮಾರ್ಷಲ್ ದ್ವೀಪಗಳಲ್ಲಿ. ಹೀಗಾಗಿ ಉದ್ದನೆಯ ಮಸೂದೆ ಬಂದರೆ ಶೀರ್ಷಿಕೆಗೇ ನಿಲ್ಲಬೇಡಿ. ‘ಶಾಂತಸಾಗರ’, ‘ಆಫ್ರಿಕಾ’, ‘ಆರ್ಕ್ಟಿಕ್’ ಎಂದು ಒಳಗೆ ಹುಡುಕಿ.

ಆ ಪ್ರದೇಶದವರ ಮಾತು ಒಂದು ಪ್ಯಾರಾವಾದರೂ ಇರಲಿ. ಆಫ್ರಿಕಾ ಮಸೂದೆಯ ಬಗ್ಗೆ ದಕ್ಷಿಣ ಆಫ್ರಿಕಾದ ಆಗಿನ ವಿದೇಶಾಂಗ ಸಚಿವೆ ನಲೇಡಿ ಪ್ಯಾಂಡೊರ್ 2022ರ ಆಗಸ್ಟ್‌ನಲ್ಲಿ ಪ್ರಿಟೋರಿಯಾಕ್ಕೆ ಬಂದಿದ್ದ ಅಮೆರಿಕದ ಆಗಿನ ವಿದೇಶಾಂಗ ಸಚಿವ ಬ್ಲಿಂಕೆನ್ ಎದುರಿಗೇ ಆಕ್ಷೇಪ ಎತ್ತಿದರು. ನಾವು ಅದಕ್ಕೆ ಒಳಪುಟದಲ್ಲಿ ಎರಡು ಸಾಲು ಕೊಟ್ಟೆವು.

ಕೊನೆಗೊಂದು ಡೈರಿ ಇಡಿ. ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ಕಾಂಗ್ರೆಸ್ಸಿನ ಅವಧಿ ಮುಗಿಯುತ್ತದೆ, ಬಾಕಿ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ. ಆ ತಾರೀಖು ಬರೆದಿಟ್ಟುಕೊಳ್ಳಿ, ಏಕೆಂದರೆ ಅದನ್ನು ನೆನಪಿಸಿ ಏಜೆನ್ಸಿ ಕಾಪಿ ಬರುವುದಿಲ್ಲ. ನನ್ನ ತಲೆಬರಹದ ಮಸೂದೆ ಸೆನೆಟ್ಟಿನಲ್ಲೇ ಉಳಿದು, 2023ರ ಜನವರಿ 3ಕ್ಕೆ ಕೊನೆಯಾಯಿತು. ಧಾರವಾಡದವರಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ‘ಇದನ್ನ ಹಾಕಂಗಿಲ್ಲೇನ್ರಿ ಪೇಪರ್ನ್ಯಾಗ?’ ಎಂದರು.