ಕರಿದ ಎಣ್ಣೆಗೂ ಒಂದು ರಿಜಿಸ್ಟರ್

ನಮ್ಮದು ದಾವಣಗೆರೆಯಲ್ಲಿ ಕುರುಕಲು ತಿಂಡಿ ಮಾಡುವ ಸಣ್ಣ ಘಟಕ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರಾ ಬೂಂದಿ ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ಸಂಜೆ ಮುಂದುಗಡೆ ಮಿರ್ಚಿ ಬಜ್ಜಿ ಕೌಂಟರ್ ಇರುತ್ತದೆ. ಈ ಊರಲ್ಲಿ ಮಂಡಕ್ಕಿ-ಮೆಣಸಿನಕಾಯಿ ಇಲ್ಲದ ಸಂಜೆ ಇಲ್ಲವಲ್ಲ, ಹಾಗಾಗಿ ಲಾಭ ಎಷ್ಟೇ ಇರಲಿ, ಕೌಂಟರ್ ಮುಚ್ಚುವ ಮಾತೇ ಇಲ್ಲ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡಲು ಶುರುಮಾಡಿದ್ದು ಹೇಗೆ, ಅದರ ಜೊತೆಗೇ ಗ್ಯಾಸ್ ಖರ್ಚು ಇಳಿದಿದ್ದು ಹೇಗೆ ಅಂತ ಬೇರೆ ಊರಿನ ಇಬ್ಬರು ಮೂವರು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಯಮದ ವಿಷಯ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು ಪೋಲಾರ್ ಕಾಂಪೌಂಡ್ ಅನ್ನುವ ಕೆಟ್ಟ ಅಂಶಗಳು ಕೂಡಿಕೊಳ್ಳುತ್ತವೆ. ಅವು ಶೇ. 25 ದಾಟಿದರೆ ಆ ಎಣ್ಣೆಯಲ್ಲಿ ಅಡುಗೆ ಮಾಡಬಾರದು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇದನ್ನು 2018ರ ಜುಲೈಯಿಂದ ಜಾರಿಗೆ ತಂದಿತು. ಹಾಗಾದರೆ ಬಿಸಾಡುವ ಎಣ್ಣೆ ಎಲ್ಲಿಗೆ ಹೋಗಬೇಕು? ಅದೇ ವರ್ಷ ಆಗಸ್ಟ್ 10ರಂದು ರುಕೋ ಯೋಜನೆ ಬಂತು. ಬಳಸಿದ ಎಣ್ಣೆಯನ್ನು ಒಟ್ಟುಮಾಡಿ ಬಯೋಡೀಸೆಲ್ ಮಾಡುವವರಿಗೆ ಕೊಡುವ ಏರ್ಪಾಡು ಅದು. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವವರು ಲೆಕ್ಕ ಬರೆದಿಡಬೇಕು, ಉಳಿದದ್ದನ್ನು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು ಅಂತ 2019ರ ಮಾರ್ಚ್‌ನಿಂದ ನಿಯಮವಾಯಿತು. ಗೌರಿ ಹಬ್ಬದಿಂದ ದೀಪಾವಳಿವರೆಗೆ ನಾವು ಆ ಗಡಿ ದಾಟುತ್ತೇವೆ. ಹಬ್ಬಕ್ಕೊಂದು ಪದ್ಧತಿ, ಉಳಿದ ದಿನಕ್ಕೊಂದು ಪದ್ಧತಿ ಅಂತ ಮಾಡಿದರೆ ಕೆಲಸದವರಿಗೆ ಗೊಂದಲ. ಹಾಗಾಗಿ ವರ್ಷಪೂರ್ತಿ ಒಂದೇ ರೀತಿ ಇಟ್ಟುಕೊಂಡೆವು.

ಇಲ್ಲಿ ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇದೆ. ಎಷ್ಟು ಎಣ್ಣೆ ಕೊಳ್ಳುತ್ತೀರೋ ಅದರಲ್ಲಿ ಇಂತಿಷ್ಟು ಪಾಲು ಉಳಿಯಲೇಬೇಕು ಅಂತ ಲೆಕ್ಕ ಹಾಕುತ್ತಾರೆ. ಹಾಗಾಗುವುದಿಲ್ಲ. ಚಕ್ಕುಲಿ, ಬೂಂದಿ ಎಣ್ಣೆ ಹೀರಿಕೊಂಡು ಹೋಗುತ್ತವೆ, ನಾವು ಹೊಸದನ್ನು ಸುರಿಯುತ್ತಲೇ ಇರುತ್ತೇವೆ. ಆ ಬಾಣಲೆಯಲ್ಲಿ ಹಳೆಯದಾಗಿ ನಿಲ್ಲುವ ಎಣ್ಣೆ ಕಮ್ಮಿ. ಬಜ್ಜಿ ಬಾಣಲೆಯ ಕಥೆ ಬೇರೆ. ಹಸಿ ಮೆಣಸಿನಕಾಯಿಯ ನೀರು, ಉದುರುವ ಕಡಲೆಹಿಟ್ಟು, ಉಪ್ಪು, ಸೋಡಾ ಎಲ್ಲ ಸೇರಿ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ನಮ್ಮಲ್ಲಿ ಹೊರಗೆ ಹೋಗುವ ಎಣ್ಣೆಯ ದೊಡ್ಡ ಪಾಲು ಆ ಒಂದು ಬಾಣಲೆಯದ್ದೇ. 2022ರ ಹೊತ್ತಿಗೆ ದೇಶದಲ್ಲಿ 220 ಕೋಟಿ ಲೀಟರ್ ಬಳಸಿದ ಎಣ್ಣೆ ಸಿಗಬಹುದು ಅಂತ ರುಕೋ ಶುರುವಾದಾಗ ಅಂದಾಜು ಹಾಕಿದ್ದರು. ಬಾಣಲೆ ಮುಂದೆ ನಿಂತವರಿಗೆ ಆ ಸಂಖ್ಯೆ ಸ್ವಲ್ಪ ದೊಡ್ಡದಾಗಿಯೇ ಕಾಣುತ್ತದೆ.

ನಾವು ಮೊದಲು ಕೈ ಹಾಕಿದ್ದು ಎಣ್ಣೆಗಲ್ಲ, ಉರಿಗೆ. ನಮ್ಮ ಕರಿಯುವ ಅಣ್ಣನಿಗೆ ಇಪ್ಪತ್ತು ವರ್ಷದ ಅನುಭವ. ಹಿಟ್ಟಿನ ಒಂದು ಚೂರು ಹಾಕಿ, ಅದು ಮೇಲೆ ಬರುವುದನ್ನು ನೋಡಿಯೇ ಹದ ಹೇಳುತ್ತಾರೆ. ಅವರ ಕಣ್ಣು ತಪ್ಪುವುದಿಲ್ಲ. ಆದರೆ ಗಿರಾಕಿ ಇಲ್ಲದ ಹತ್ತು ನಿಮಿಷ ಉರಿ ಹಾಗೇ ದೊಡ್ಡದಾಗಿರುತ್ತದಲ್ಲ, ಅಲ್ಲೇ ಎಣ್ಣೆ ಸುಡುವುದು, ಅಲ್ಲೇ ಗ್ಯಾಸ್ ಹಾಳಾಗುವುದು. ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ತಂದು ಬಾಣಲೆ ಪಕ್ಕಕ್ಕೆ ಕಟ್ಟಿದೆವು. "ಅಕ್ಕಾರೆ, ಜ್ವರ ಬಂದೈತೇನ್ರಿ ಬಾಣಲಿಗೆ?" ಅಂತ ಅಣ್ಣ ನಕ್ಕರು. ಬಜ್ಜಿಗೆ 170ರಿಂದ 180 ಡಿಗ್ರಿ ಸಾಕು. 190 ದಾಟಿದರೆ ಉರಿ ಇಳಿಸಬೇಕು, ಗಿರಾಕಿ ಇಲ್ಲದಾಗ 140ಕ್ಕೆ ಬಿಡಬೇಕು. ಇಷ್ಟೇ ನಿಯಮ. ದೂರದಿಂದ ಹಿಡಿಯುವ ಗನ್ ಥರ್ಮಾಮೀಟರ್ ಮಾತ್ರ ತರಬೇಡಿ. ಆವಿ ಅಡ್ಡ ಬಂದರೆ ಅದು ಏನೇನೋ ಅಂಕಿ ತೋರಿಸುತ್ತದೆ.

ಇದರಿಂದ ಎಣ್ಣೆ ಮೊದಲಿಗಿಂತ ಹೆಚ್ಚು ಹೊತ್ತು ತಿಳಿಯಾಗಿ ಉಳಿಯಿತು. 19 ಕೆ.ಜಿ. ಸಿಲಿಂಡರ್ ಬದಲಿಸುವ ದಿನಗಳೂ ದೂರವಾದವು. ಸರ್ಕಾರದ ಕಾಗದಗಳಲ್ಲಿ ಇಂಧನ ಉಳಿತಾಯಕ್ಕೆ ಒಂದು ಇಲಾಖೆ, ಬಳಸಿದ ಎಣ್ಣೆಗೆ ಇನ್ನೊಂದು. ಅಡುಗೆಮನೆಯಲ್ಲಿ ಎರಡನ್ನೂ ಬಗೆಹರಿಸುವುದು ಅದೇ ಗ್ಯಾಸ್ ನಾಬ್.

ಎಣ್ಣೆ ಕೆಡಿಸುವ ಉಳಿದ ಕಾರಣಗಳನ್ನೂ ಕಮ್ಮಿ ಮಾಡಿದೆವು. ಮೆಣಸಿನಕಾಯಿ ತೊಳೆದ ಮೇಲೆ ಬಟ್ಟೆ ಮೇಲೆ ಹರಡಿ ಪೂರ್ತಿ ಆರಿಸುತ್ತೇವೆ. ಸೋಡಾ ಅಳತೆ ಚಮಚದಲ್ಲಿ ಹಾಕುತ್ತೇವೆ. ಅದು ಜಾಸ್ತಿಯಾದರೆ ಬಜ್ಜಿ ಎಣ್ಣೆ ಕುಡಿಯುತ್ತದೆ, ಎಣ್ಣೆಯೂ ಬೇಗ ಕಪ್ಪಾಗುತ್ತದೆ. ಉದುರಿದ ಹಿಟ್ಟಿನ ಕಾಳನ್ನು ಪ್ರತಿ ಸುತ್ತಿಗೂ ಜಾಲರಿ ಸೌಟಿನಲ್ಲಿ ತೆಗೆಯಬೇಕು. ಬೇಸರದ ಕೆಲಸ, ಆದರೆ ಫಲ ಕಣ್ಣಿಗೆ ಕಾಣುತ್ತದೆ.

ರಾತ್ರಿ ಉರಿ ಆರಿಸಿದ ಮೇಲೆ ಎಣ್ಣೆ ಕೈಗೆ ಬೆಚ್ಚಗೆ ಅನ್ನಿಸುವಷ್ಟು ಆರಬೇಕು. ಆಮೇಲೆ ಮೊದಲು ಸ್ಟೀಲ್ ಜರಡಿಯಲ್ಲಿ, ನಂತರ ದಪ್ಪ ಬಟ್ಟೆಯಲ್ಲಿ ಸೋಸುತ್ತೇವೆ. ಅಡುಗೆಗೆ ಆಗದ್ದು ಮುಚ್ಚಳದ ಕ್ಯಾನಿಗೆ ಹೋಗುತ್ತದೆ. ಕ್ಯಾನ್ ತೊಳೆದಿದ್ದರೆ ಬಿಸಿಲಲ್ಲಿ ಒಣಗಿಸಿಯೇ ಸುರಿಯಬೇಕು. ನೀರಿದ್ದರೆ ಎಣ್ಣೆಯಲ್ಲಿ ಆಮ್ಲ ಹೆಚ್ಚುತ್ತದೆ. ಆಮ್ಲ ಹೆಚ್ಚಿದ ಎಣ್ಣೆಗೆ ಮೆಥನಾಲ್, ಕ್ಷಾರ ಸೇರಿಸಿ ಬಯೋಡೀಸೆಲ್ ಮಾಡಹೊರಟರೆ ಸೋಪು ಕಟ್ಟುತ್ತದೆ. ಅದಕ್ಕೇ ಸಂಗ್ರಹಕಾರರು ಮೊದಲು ನೋಡುವುದು ನೀರನ್ನು. ತಳದ ಗಸಿಯನ್ನು ಬೇರೆ ಡಬ್ಬಕ್ಕೆ ಬಗ್ಗಿಸಿ, ಮೇಲಿನ ತಿಳಿಯನ್ನಷ್ಟೇ ತೂಕಕ್ಕೆ ಇಡುತ್ತೇವೆ. ಗಸಿ ಸೇರಿಸಿ ತೂಕ ಹೆಚ್ಚಿಸಿದರೆ ಮುಂದಿನ ಸಲ ದರ ಇಳಿಯುತ್ತದೆ, ಅಷ್ಟೇ.

ಕಷ್ಟ ಇರುವುದು ದುಡ್ಡಿನ ಕಡೆ. ಅಧಿಕೃತ ಸಂಗ್ರಹಕಾರರು ತೂಕ ಹಾಕಿ, ರಸೀದಿ ಕೊಟ್ಟು, ಬ್ಯಾಂಕಿಗೆ ಹಣ ಹಾಕುತ್ತಾರೆ. ಕ್ಯಾನುಗಳು ತುಂಬುವವರೆಗೆ ಬರುವುದಿಲ್ಲ. ಇನ್ನೊಬ್ಬ ಬೈಕಿನಲ್ಲಿ ಬರುತ್ತಾನೆ. ಸೋಸಿದ್ದೀರಾ ಅಂತ ಕೇಳುವುದೂ ಇಲ್ಲ. ಕೈಗೆ ನಗದು, ಕಿಲೋಗೆ ಎರಡು ಮೂರು ರೂಪಾಯಿ ಜಾಸ್ತಿ. ಆ ಎಣ್ಣೆ ಎಲ್ಲಿಗೆ ಹೋಗುತ್ತದೆ? ಸೋಪಿಗೆ ಅನ್ನುತ್ತಾನೆ. ಸೋಪಿಗೆ ಹೋಗುವ ಎಣ್ಣೆ ಇನ್ನೂ ಸ್ವಲ್ಪ ಕೆಂಪಗಿದ್ದರೆ ಚೆನ್ನ ಅಂತ ಯಾಕೆ ಕೇಳಬೇಕು, ಅಲ್ವಾ? ಇನ್ನೊಂದು ಬಾಣಲೆಗೇ ಅದು ವಾಪಸ್ ಹೋಗುತ್ತದೆ ಅನ್ನುವುದು ನನ್ನ ಅನುಮಾನ. ಬೇಡ ಅಂದೆವು. ಆ ವ್ಯತ್ಯಾಸವನ್ನು ಗ್ಯಾಸ್ ಉಳಿತಾಯ ತುಂಬಿಕೊಟ್ಟಿತು. ತುಂಬದೇ ಇದ್ದಿದ್ದರೆ ಎಷ್ಟು ದಿನ ಬೇಡ ಅನ್ನುತ್ತಿದ್ದೆವೋ ಹೇಳುವುದು ಕಷ್ಟ.

ಈಗ ಇದಕ್ಕೆ ವಿಮಾನದ ನಂಟೂ ಬಂದಿದೆ. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇ. 1, 2028ಕ್ಕೆ ಶೇ. 2, 2030ಕ್ಕೆ ಶೇ. 5 ಜೈವಿಕ ಇಂಧನ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. 2027 ಸುಮ್ನೆ ಆರಿಸಿದ್ದಲ್ಲ. ವಿಮಾನಗಳ ಇಂಗಾಲ ಲೆಕ್ಕಕ್ಕೆ ಕಾರ್ಸಿಯಾ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ಇದೆ, ಆ ವರ್ಷದಿಂದ ಅದು ಭಾರತಕ್ಕೂ ಕಡ್ಡಾಯ. 2018ರಲ್ಲೇ ಸ್ಪೈಸ್‌ಜೆಟ್ ವಿಮಾನವೊಂದು ಡೆಹ್ರಾಡೂನ್‌ನಿಂದ ದೆಹಲಿಗೆ ಜಟ್ರೋಫಾ ಗಿಡದ ಬೀಜದ ಎಣ್ಣೆಯ ಇಂಧನ ಬೆರೆಸಿ ಹಾರಿತ್ತು. ಆಗ ಎಲ್ಲರ ಬಾಯಲ್ಲೂ ಜಟ್ರೋಫಾ, ನಮ್ಮ ಕಡೆ ಹೊಂಗೆ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದ ಬಗ್ಗೆ ರೈತರು ಆಸೆಯಿಂದ ಮಾತಾಡುತ್ತಿದ್ದರು. ಬೀಜ ಆರಿಸಿ, ಒಣಗಿಸಿ, ಗಾಣಕ್ಕೆ ಸಾಗಿಸುವ ಕೂಲಿಯೇ ಜಾಸ್ತಿಯಾದರೆ ಏನು ಗತಿ? ಕರಿದ ಎಣ್ಣೆಗೆ ಆ ತೊಂದರೆ ಇಲ್ಲ, ಅದು ಆಗಲೇ ಎಣ್ಣೆ. 2025ರ ಆಗಸ್ಟ್‌ನಲ್ಲಿ ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿಗೆ ಬಳಸಿದ ಎಣ್ಣೆಯಿಂದ ವಿಮಾನ ಇಂಧನ ಮಾಡಲು ಕಾರ್ಸಿಯಾ ಪ್ರಮಾಣಪತ್ರ ಸಿಕ್ಕಿತು. ವರ್ಷಕ್ಕೆ 35 ಸಾವಿರ ಟನ್ ಮಾಡುವ ಯೋಜನೆ ಅದು.

ಅಲ್ಲಿ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅದರಲ್ಲಿನ ಆಮ್ಲಜನಕ ತೆಗೆಯುತ್ತಾರೆ. ಆಮೇಲೆ ಉದ್ದನೆಯ ಅಣುಗಳನ್ನು ಕತ್ತರಿಸಿ, ಕವಲೊಡೆಸಿ ಹೊಂದಿಸುತ್ತಾರೆ. ವಿಮಾನದ ಇಂಧನ ಮೈನಸ್ 47 ಡಿಗ್ರಿವರೆಗೂ ಹೆಪ್ಪುಗಟ್ಟಬಾರದು. ನಮ್ಮ ಪಾಮ್ ಎಣ್ಣೆಯೋ, ಡಿಸೆಂಬರ್ ಬೆಳಿಗ್ಗೆ ದಾವಣಗೆರೆಯಲ್ಲೇ ಕ್ಯಾನಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ! ಇನ್ನು ಇಂಗಾಲದ ಲೆಕ್ಕ. ಕಾರ್ಸಿಯಾ ಪ್ರಕಾರ ಮಾಮೂಲಿ ವಿಮಾನ ಇಂಧನಕ್ಕೆ ಪ್ರತಿ ಮೆಗಾಜೂಲ್ ಶಕ್ತಿಗೆ 89 ಗ್ರಾಂ ಇಂಗಾಲದ ಡೈಆಕ್ಸೈಡ್ ಲೆಕ್ಕ, ಬಳಸಿದ ಎಣ್ಣೆಯಿಂದ ಈ ರೀತಿ ಮಾಡಿದ್ದಕ್ಕೆ 13.9 ಗ್ರಾಂ. ಎಣ್ಣೆ ನಿಜವಾಗಿಯೂ ಬಳಸಿದ್ದಾಗಿದ್ದರೆ ಮಾತ್ರ ಈ ಲೆಕ್ಕ ಸರಿ. ಹೊಸ ಪಾಮ್ ಎಣ್ಣೆಯನ್ನೇ ಹಳೆಯದು ಅಂತ ಮಾರುತ್ತಿದ್ದಾರೆ ಅನ್ನುವ ಅನುಮಾನ ಯುರೋಪಿನಲ್ಲಿ ಎದ್ದಿದೆ. ಅದಕ್ಕೇ ಎಣ್ಣೆ ಯಾವ ಅಡುಗೆಮನೆಯಿಂದ ಹೊರಟಿತು ಅನ್ನುವ ಕಾಗದಕ್ಕೆ ಇಷ್ಟು ಬೆಲೆ.

ಕರೆಂಟಿನ ಕಡೆಯದ್ದು ಬೇಗ ಹೇಳಿ ಮುಗಿಸುತ್ತೇನೆ. ಹೊಸ ಬೆಳಕು ಯೋಜನೆಯ ಎಲ್‌ಇಡಿ ಬಲ್ಬು ಎಲ್ಲರ ಮನೆಗೂ ಬಂತು, ನಮ್ಮಲ್ಲೂ ಬಂತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಹಳೆಯ 75 ವ್ಯಾಟಿನ ಫ್ಯಾನುಗಳನ್ನು ತೆಗೆದು ಕಮ್ಮಿ ಕರೆಂಟಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನು ಹಾಕಿಸಿದೆವು, ಕರೆಂಟು ಅರ್ಧಕ್ಕಿಂತ ಕಮ್ಮಿ ಸಾಕು. ಹಿಟ್ಟು ಕಲಸುವ ಯಂತ್ರದ ಮೋಟಾರ್ ಸುಟ್ಟಾಗ ಮತ್ತೆ ರಿವೈಂಡಿಂಗ್ ಮಾಡಿಸದೆ ಕರೆಂಟು ಉಳಿಸುವ ಐಇ3 ದರ್ಜೆಯ ಮೋಟಾರ್ ಹಾಕಿಸಿದೆವು. ರಿವೈಂಡ್ ಆದ ಮೋಟಾರ್ ಸಾಮಾನ್ಯವಾಗಿ ಕರೆಂಟು ಜಾಸ್ತಿ ತಿನ್ನುತ್ತದೆ. 2025ರಲ್ಲಿ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ, ಸಣ್ಣ ಉದ್ಯಮಗಳು ಇಂಥ ಯಂತ್ರ ಕೊಳ್ಳುವ ಸಾಲಕ್ಕೆ ಶೇ. 5ರ ಬಡ್ಡಿ ರಿಯಾಯಿತಿ ಕೊಡುವ ಅಡೀಟಿ ಯೋಜನೆ ತಂದಿತು. ಒಳ್ಳೆಯದೇ. ಆದರೆ ಒಂದು ಥರ್ಮಾಮೀಟರ್, ಒಂದು ಮೋಟಾರ್ ಕೊಳ್ಳುವವರು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ.

ನಿಯಮದಲ್ಲಿ ನನಗೆ ದೊಡ್ಡ ತೂತಾಗಿ ಕಾಣುವುದು ಆ 50 ಲೀಟರ್ ಗಡಿ. ಸಂಜೆ ಬಜ್ಜಿ ಗಾಡಿ ಇಡುವವರು ಒಬ್ಬರೂ ಅದನ್ನು ಮುಟ್ಟುವುದಿಲ್ಲ. ಅತಿ ಹೆಚ್ಚು ಸಲ ಕಾಯುವ ಎಣ್ಣೆ ಇರುವುದು ಅಲ್ಲೇ. ಎರಡು ಮೂರು ಲೀಟರಿಗೆ ಯಾವ ಸಂಗ್ರಹಕಾರರೂ ಬರುವುದಿಲ್ಲ. ಅವರು ನಾಳೆಗೆ ಇಟ್ಟುಕೊಳ್ಳದೆ, ಮೋರಿಗೆ ಸುರಿಯದೆ ಇನ್ನೇನು ಮಾಡಬೇಕು?

ಅದಕ್ಕೆ ನಮ್ಮ ಬೀದಿಯ ಗಾಡಿಯವರಿಗೆ ನಮ್ಮಲ್ಲೇ ತಂದು ಹಾಕಿ ಅಂದಿದ್ದೇವೆ. ಸೋಸಿ ತಂದರೆ ನಮಗೆ ಸಿಗುವ ದರವೇ ಅವರಿಗೆ, ನಡುವೆ ನಮ್ಮದೇನೂ ಇಲ್ಲ. ಹಣ ಅಲ್ಲೇ ಕೈಗೆ ಕೊಡುತ್ತೇವೆ, ಇಲ್ಲದಿದ್ದರೆ ಬೈಕಿನವನು ಕಾಯುತ್ತಿರುತ್ತಾನೆ. ಅವರ ಎಣ್ಣೆಯನ್ನು ನಮ್ಮ ಲೆಕ್ಕದಲ್ಲಿ ಬೆರೆಸಿಬಿಟ್ಟರೆ ನಾವು ಕೊಂಡದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗುವುದಿಲ್ಲ. ಹಾಗಾಗಿ ರಿಜಿಸ್ಟರಿನಲ್ಲಿ ಒಬ್ಬೊಬ್ಬರಿಗೂ ಬೇರೆ ಪುಟ ಇಟ್ಟಿದ್ದೇವೆ. ಈ ಪುಟಗಳನ್ನು ಒಪ್ಪುತ್ತೀರಾ ಅಂತ ಸಂಗ್ರಹಕಾರರನ್ನು ಕೇಳಿದ್ದೇವೆ. ಬರಹದಲ್ಲಿ ಉತ್ತರ ಇನ್ನೂ ಬಂದಿಲ್ಲ, ಎಣ್ಣೆಯನ್ನಂತೂ ತೆಗೆದುಕೊಂಡು ಹೋಗುತ್ತಿದ್ದಾರೆ.