ಅಡುಗೆ ಕಟ್ಟೆಗೆ ಯಾವ ಕಲ್ಲು? ನಿಂಬೆಹಣ್ಣು ಹೇಳುತ್ತದೆ

ನಮ್ಮ ಹಳೆಯ ಮನೆಯ ಅಡುಗೆ ಕಟ್ಟೆ ಕಡಪ ಕಲ್ಲಿನದು. ಒಲೆಯ ಎಡಕ್ಕೆ, ಹಿಂಡಿದ ನಿಂಬೆಹೋಳನ್ನು ಅಮ್ಮ ಬೋರಲು ಹಾಕುತ್ತಿದ್ದ ಜಾಗದಲ್ಲಿ, ನಾಣ್ಯದಗಲದ ಬಿಳಿ ಉಂಗುರವೊಂದು ಮೂಡಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹೋಗುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಅದು ಕಲೆಯಲ್ಲ, ಕಲ್ಲೇ ಕರಗಿದ ಗುರುತು. ಕಡಪ ಎಂದರೆ ಸುಣ್ಣದ ಕಲ್ಲು. ಹುಳಿ ತಾಗಿದರೆ ಅದರ ನುಣುಪು ಹೋಗುತ್ತದೆ. ಶಹಾಬಾದ್ ಕಲ್ಲು ಮತ್ತು ಅಮೃತಶಿಲೆಯದೂ ಇದೇ ಗುಣ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು, ನಿಮ್ಮ ಕಟ್ಟೆಯ ಮೇಲೆ ದಿನವೂ ಏನೇನು ಬೀಳುತ್ತದೆ ಎಂದು ಯೋಚಿಸಿ. ಹುಣಸೆ ರಸ, ಮಜ್ಜಿಗೆ, ಅರಿಶಿನ, ಒಲೆಯಿಂದ ಇಳಿಸಿದ ಬಾಣಲೆ, ತೆಂಗಿನಕಾಯಿ ಒಡೆಯುವ ಪೆಟ್ಟು. ಬಣ್ಣದ ಮಾತು ಆಮೇಲೆ.

ಇಷ್ಟನ್ನೂ ತಾಳುವುದರಲ್ಲಿ ನನ್ನ ಮೊದಲ ಆಯ್ಕೆ ಗ್ರಾನೈಟ್. ನಮ್ಮ ರಾಜ್ಯದಲ್ಲೇ ಒಳ್ಳೆಯ ಕಲ್ಲಿದೆ: ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು. ಚಾಮರಾಜನಗರದ ಕಪ್ಪು ಶಿಲೆ ವ್ಯಾಪಾರದ ಮಾತಿನಲ್ಲಷ್ಟೇ ಗ್ರಾನೈಟ್, ಭೂವಿಜ್ಞಾನಿಗಳಿಗೆ ಅದು ಡೋಲರೈಟ್. ಹರಳುಗಳು ಒತ್ತೊತ್ತಾಗಿರುವುದರಿಂದ ನೀರು, ಎಣ್ಣೆ ಹೀರುವುದು ತೀರ ಕಡಿಮೆ. ತಿಳಿಬಣ್ಣದ ಗ್ರಾನೈಟ್‌ಗಳು ಸಾಮಾನ್ಯವಾಗಿ ಹೆಚ್ಚು ಹೀರುತ್ತವೆ. ಅವುಗಳಿಗೆ ಸೀಲರ್, ಅಂದರೆ ಕಲ್ಲು ಹೀರದಂತೆ ತಡೆಯುವ ದ್ರವ, ಬಳಿಸಬೇಕು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಸಬೇಕು.

ಕ್ವಾರ್ಟ್ಜ್ ನೋಡಲು ಚೆಂದ, ಕಲೆಯೂ ಬೇಗ ಹಿಡಿಯುವುದಿಲ್ಲ. ಆದರೆ ಅದು ಕಲ್ಲಿನ ಪುಡಿಯನ್ನು ಅಂಟಿನಂಥ ರಾಳದಲ್ಲಿ (ರೆಸಿನ್) ಕಲಸಿ ಒತ್ತಿ ಮಾಡಿದ ಹಲಗೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾಳ ಹಳದಿಗಟ್ಟುತ್ತದೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ. ಒಗ್ಗರಣೆ ಬಾಣಲೆಯ ತಳ ಈ ಬಿಸಿಯನ್ನು ಸುಲಭವಾಗಿ ಮೀರುತ್ತದೆ. ಪಾತ್ರೆಯ ಕೆಳಗೆ ಮಣೆ ಇಡುವ ಅಭ್ಯಾಸ ಮನೆಯವರೆಲ್ಲರಿಗೂ ಇದ್ದರೆ ಮಾತ್ರ ಕ್ವಾರ್ಟ್ಜ್ ಹಾಕಿಸಿ. ಸ್ಟೀಲಿನ ಕಟ್ಟೆ ಹೋಟೆಲಿನ ಅಡುಗೆಮನೆಗೆ ಸರಿ. ಮನೆಯಲ್ಲಿ ಗೀರುಗಳೂ ಪಾತ್ರೆಯ ಸದ್ದೂ ಬೇಸರ ತರಿಸುತ್ತವೆ.

ಈಗ ಮುಖ್ಯವಾದ ಕೆಲಸ. ಇಷ್ಟವಾದ ಕಲ್ಲಿನ ಅಂಗೈಯಗಲದ ತುಂಡನ್ನು ಕೇಳಿ ಮನೆಗೆ ತನ್ನಿ. ಬೆಂಗಳೂರಿನ ಬಳಿಯ ಜಿಗಣಿಯಂಥ ಕಲ್ಲಿನ ಮಾರುಕಟ್ಟೆಯಲ್ಲಿ, ಸಾಲು ಸಾಲು ಹಲಗೆಗಳ ಹೊಳಪಿನ ನಡುವೆ ನಿಂತು ತೀರ್ಮಾನ ಮಾಡಬೇಡಿ. ತುಂಡಿನ ಒಂದು ಮೂಲೆಗೆ ನಾಲ್ಕು ಹನಿ ನೀರು ಬಿಡಿ. ಹತ್ತು ನಿಮಿಷದ ನಂತರ ಒರೆಸಿದಾಗ ಆ ಜಾಗ ಕಪ್ಪಾಗಿ ಕಂಡರೆ ಕಲ್ಲು ನೀರು ಕುಡಿಯುತ್ತಿದೆ ಎಂದರ್ಥ. ಇನ್ನೊಂದು ಮೂಲೆಗೆ ನಿಂಬೆರಸ ಬಿಟ್ಟು ಅರ್ಧ ಗಂಟೆ ಕಾಯಿರಿ. ಮಗದೊಂದರಲ್ಲಿ ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದು, ಬೆರಳಾಡಿಸಿ ನೋಡಿ. ಹೊಳಪು ಮಂಕಾಗಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುತ್ತದೆ.

ಕಪ್ಪು ಕಲ್ಲಾದರೆ ಇನ್ನೊಂದು ಪರೀಕ್ಷೆಯನ್ನು ತಪ್ಪಿಸಬೇಡಿ. ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಉಗುರುಬಣ್ಣ ತೆಗೆಯಲು ಬಳಸುವ ಹಲವು ದ್ರವಗಳಲ್ಲಿ ಇದು ಇರುತ್ತದೆ. ಹೊಸ ಮನೆಗೆಂದು ನಾವು ಬಹುತೇಕ ಒಪ್ಪಿದ್ದ ತುಂಡು ಬಟ್ಟೆಗೆ ಮಸಿ ಹತ್ತಿಸಿತು. ಬೂದು ಕಲ್ಲಿಗೆ ಬಣ್ಣ ಹಚ್ಚಿ ಕಪ್ಪೆಂದು ಮಾರುತ್ತಿದ್ದರು. ಐದು ನಿಮಿಷದ ಆ ಉಜ್ಜಾಟ ಮಾಡಿರದಿದ್ದರೆ ವರ್ಷದೊಳಗೆ ಕಟ್ಟೆ ಮಾಸಿ ಹೋಗುತ್ತಿತ್ತು.

ದಪ್ಪ 18ರಿಂದ 20 ಮಿಲಿಮೀಟರ್ ಇರಲಿ. ಸಿಂಕಿನ ಮುಂದೆ ಉಳಿಯುವ ಕಿರಿದಾದ ಪಟ್ಟಿಯೇ ಇಡೀ ಕಟ್ಟೆಯ ದುರ್ಬಲ ಜಾಗ, ಆದ್ದರಿಂದ ಜೋಡಣೆ ಅಲ್ಲಿ ಬರದಂತೆ ಅಳತೆ ಹಾಕಿಸಿ. ಅಂಚಿನ ಅಡಿಗೆ ಉದ್ದಕ್ಕೂ ಸಣ್ಣ ಗೀರು ಕೊರೆಸಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕೆಳಗಿನ ಕಪಾಟಿನ ಬಾಗಿಲಿಗೆ ಇಳಿಯುವುದಿಲ್ಲ.

ಕಲ್ಲು ಕೊರೆಯುವವರ ಬಗ್ಗೆಯೂ ನಾವು ಯೋಚಿಸಬೇಕು. ಒಣಗಿದ್ದಾಗಲೇ ಕತ್ತರಿಸಿದರೆ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಮತ್ತೆ ಸರಿಯಾಗದಂತೆ ಕೆಡಿಸುತ್ತದೆ. ಕ್ವಾರ್ಟ್ಜ್ ಹಲಗೆಯಲ್ಲಿ ಅದರ ಪ್ರಮಾಣ ಗ್ರಾನೈಟ್‌ಗಿಂತ ಬಹಳ ಹೆಚ್ಚು. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿತು. ಸಿಂಕ್ ಮತ್ತು ಒಲೆಯ ಅಳತೆಯನ್ನು ಮೊದಲೇ ಕೊಟ್ಟು, ನೀರು ಹಾಯಿಸುವ ಯಂತ್ರದಲ್ಲೇ ಕತ್ತರಿಸಿ ತರುವಂತೆ ಹೇಳಿ. ಮನೆಯಲ್ಲಿ ಉಳಿಯುವ ಸಣ್ಣಪುಟ್ಟ ಕೊರೆತ ಹೊರಗೆ, ಗಾಳಿಯಾಡುವ ಕಡೆ ನಡೆಯಲಿ. ಕೆಲಸಗಾರರಿಗೆ ಒಳ್ಳೆಯ ಮುಖಗವಸನ್ನು ನೀವೇ ತಂದುಕೊಡಿ.