ಬೀಟಲ್‌ನ ಹೆಡ್ ಸೋರುತ್ತಿದೆಯೇ? ಬಿಚ್ಚುವ ಮೊದಲು ಒರೆಸಿ ನೋಡಿ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ದೇವರಾಯನದುರ್ಗದ ಏರು ಹತ್ತಿ ನಿಂತಾಗ ಹಿಂಭಾಗದಿಂದ ಸುಟ್ಟ ಎಣ್ಣೆಯ ವಾಸನೆ ಬಂದರೆ, ತುಮಕೂರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ 'ಹೆಡ್ ಗ್ಯಾಸ್ಕೆಟ್ ಹೋಗಿದೆ' ಎಂಬುದು, ಅಂದರೆ ಸಿಲಿಂಡರ್‌ನ ಬಾಯಿ ಮುಚ್ಚುವ ಹೆಡ್‌ಗೂ ಸಿಲಿಂಡರ್‌ಗೂ ನಡುವಿನ ಪ್ಯಾಕಿಂಗ್ ಕೆಟ್ಟಿದೆ ಎಂದು. ನೀರಿನಿಂದ ತಣಿಯುವ ಎಂಜಿನ್‌ಗಳಲ್ಲಿ ಕೈ ಪಳಗಿಸಿಕೊಂಡವರ ಮಾತದು. ಗಾಳಿಯಿಂದ ತಣಿಯುವ ಈ ಎಂಜಿನ್‌ನ ನಾಲ್ಕು ಬೋರ್‌ಗಳು (ಸಿಲಿಂಡರ್‌ಗಳು) ಬಿಡಿಬಿಡಿ; ಎರಡೆರಡು ಎದುರುಬದುರಾಗಿ ಮಲಗಿರುತ್ತವೆ, ಪ್ರತಿ ಜೋಡಿಗೆ ಒಂದು ಅಲ್ಯೂಮಿನಿಯಂ ಹೆಡ್. ಹೆಚ್ಚಿನ 1600 ಸಿಸಿ ಎಂಜಿನ್‌ಗಳಲ್ಲಿ ಬೋರ್ ಮತ್ತು ಹೆಡ್ ನಡುವೆ ಗ್ಯಾಸ್ಕೆಟ್ಟೇ ಇರುವುದಿಲ್ಲ. ಇಲ್ಲದ್ದು ಹೋಗುವುದಾದರೂ ಹೇಗೆ?

ಮೊದಲು ಎಂಜಿನ್‌ನ ತಳಭಾಗವನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು ಒಣಗಿಸಿ. ಒಂದು ಸುತ್ತು ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಹಸಿ ಎಣ್ಣೆ ಕಂಡರೆ ಹೆಡ್‌ನ ತಪ್ಪು ಬಹುಶಃ ಇಲ್ಲ. ವಾಲ್ವ್ ಕವರ್‌ನ ಕಾರ್ಕ್ ಪ್ಯಾಕಿಂಗ್ ಅಥವಾ ವಾಲ್ವ್ ತೆರೆಯಲು ತಳ್ಳುವ ಪುಶ್ ರಾಡ್ ಸರಳುಗಳ ಕೊಳವೆಗಳ ತುದಿಯ ರಬ್ಬರ್ ಸೀಲ್ ಗಟ್ಟಿಯಾಗಿರುತ್ತದೆ. ಕಾರ್ಕ್ ಬದಲಿಸುವುದು ಕೆಲವೇ ನಿಮಿಷಗಳ ಕೆಲಸ: ತಂತಿಯ ಕ್ಲಿಪ್ ಅನ್ನು ಕೆಳಗೆ ಒತ್ತಿ ಕವರ್ ತೆಗೆಯಿರಿ, ಅಂಟನ್ನು ಕವರ್‌ನ ಕಡೆಗೆ ಮಾತ್ರ ಹಚ್ಚಿ. ಕೊಳವೆಯೇ ಸೋರುತ್ತಿದ್ದರೆ ಸ್ಪ್ರಿಂಗ್ ಇರುವ ಎರಡು ತುಂಡಿನ ಕೊಳವೆಗಳು ಸಿಗುತ್ತವೆ, ಅವುಗಳನ್ನು ಹೆಡ್ ಬಿಚ್ಚದೆಯೇ ಹಾಕಬಹುದು.

ನಿಜವಾದ ಹೆಡ್ ಸೋರಿಕೆ ಎಣ್ಣೆಯದಲ್ಲ, ಅನಿಲದ್ದು. ವೇಗ ಏರಿದಂತೆ ಏರುವ 'ಚಕ್ ಚಕ್' ಸದ್ದು, ಬೋರ್ ಮತ್ತು ಹೆಡ್ ಕೂಡುವಲ್ಲಿ ಬಿಸಿ ತಣಿಸುವ ರೆಕ್ಕೆಗಳ ಮೇಲೆ ಕಪ್ಪು ಮಸಿ, ಒಂದು ಸಿಲಿಂಡರ್‌ನಲ್ಲಿ ಮಾತ್ರ ಕಂಪ್ರೆಷನ್ (ಒಳಗಿನ ಒತ್ತಡ) ಕಡಿಮೆ. ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಳತೆ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್.

ಹೆಡ್ ಎಂದೇ ಖಚಿತವಾದರೆ ಎಂಜಿನ್ ಇಳಿಸಬೇಕು. ಬ್ಯಾಟರಿ ತಂತಿ ಕಳಚಿ, ಪೆಟ್ರೋಲ್ ಕೊಳವೆ ಮುಚ್ಚಿ, ಆಕ್ಸಿಲರೇಟರ್ ಕೇಬಲ್ ಬಿಡಿಸಿದ ಮೇಲೆ ಗೇರ್‌ಬಾಕ್ಸ್‌ಗೆ ಹಿಡಿದಿರುವ ನಾಲ್ಕು ಬೋಲ್ಟ್‌ಗಳು. ತೂಕ 100 ಕಿಲೋ ದಾಟುತ್ತದೆ, ಜ್ಯಾಕ್ ಇಲ್ಲದೆ ಸಾಹಸ ಬೇಡ. ಸೈಲೆನ್ಸರ್, ಕಾರ್ಬ್ಯುರೇಟರ್, ಫ್ಯಾನ್‌ನ ತಗಡಿನ ಹೊದಿಕೆ, ಆಮೇಲೆ ವಾಲ್ವ್ ಒತ್ತುವ ರಾಕರ್ ಮತ್ತು ಪುಶ್ ರಾಡ್‌ಗಳು ಬರುತ್ತವೆ. ಯಾವ ರಾಡ್ ಎಲ್ಲಿಯದೆಂದು ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ. ಎಂಟು ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ಎಳೆಯುವಾಗ ಬೋರ್‌ಗಳು ಜೊತೆಗೇ ಹೊರಬರದಂತೆ ಒಬ್ಬರು ಹಿಡಿದಿರಲಿ.

ಹೆಡ್ ಸ್ವಚ್ಛಗೊಳಿಸಿ ಪ್ಲಗ್ ರಂಧ್ರ ಮತ್ತು ವಾಲ್ವ್ ಸೀಟ್‌ಗಳ ನಡುವೆ ನೋಡಿ. ಬಿರುಕು ಬಿಡುವ ಜಾಗ ಅದೇ. ಬಿರುಕಿದ್ದರೆ ಹೊಸ ಹೆಡ್ ತರಿಸುವುದು ಲೇಸು. ಮೆಕ್ಸಿಕೋದಲ್ಲಿ ಈ ಕಾರು 2003ರವರೆಗೂ ತಯಾರಾಗಿದ್ದರಿಂದ ಬಿಡಿಭಾಗಗಳಿಗೆ ಬರ ಬಂದಿಲ್ಲ. ಬಿರುಕಿಲ್ಲದೆ ಕೂಡುವ ಅಂಚು ಮಾತ್ರ ಸುಟ್ಟಿದ್ದರೆ ತುಮಕೂರಿನ ಅಂತರಸನಹಳ್ಳಿಯ ಕಡೆ ಒಳ್ಳೆಯ ಲೇತ್ ನೋಡಿ ಅಂಚು ಸಮ ಮಾಡಿಸಬಹುದು. ಎರಡೂ ಬೋರ್‌ಗಳ ಅಂಚು ಒಂದೇ ಆಳಕ್ಕೆ ಕತ್ತರಿಸಿರಬೇಕು, ಇಲ್ಲವಾದರೆ ಒಂದು ಕೂತು ಇನ್ನೊಂದು ಸೋರುತ್ತದೆ. ಗ್ಯಾಸ್ಕೆಟ್ ಅಂಟು ಬಳಿದು ಮುಗಿಸೋಣ ಎನ್ನುವವರಿಗೆ ಕೆಲಸ ಕೊಡಬೇಡಿ. ಆ ಬಿಸಿಗೆ ಯಾವ ಅಂಟೂ ನಿಲ್ಲದು.

ಜೋಡಿಸುವಾಗ ಪುಶ್ ರಾಡ್ ಕೊಳವೆಗಳೇ ಹೆಚ್ಚು ಕಾಡುತ್ತವೆ. ಅವುಗಳ ತುದಿಯಲ್ಲಿ ಹಾರ್ಮೋನಿಯಂ ತಿದಿಯಂತಹ ಮಡಿಕೆಗಳಿವೆ. 1300ರಿಂದ 1600 ಸಿಸಿವರೆಗಿನ ಎಂಜಿನ್‌ಗಳಲ್ಲಿ ಮಡಿಕೆಗಳನ್ನು ಮೆಲ್ಲಗೆ ಹಿಗ್ಗಿಸಿ ಉದ್ದವನ್ನು 190-191 ಮಿ.ಮೀ.ಗೆ ತರಬೇಕು, ಬೆಸುಗೆಯ ಗೆರೆ ಮೇಲ್ಮುಖವಾಗಿರಬೇಕು. ಬೋರ್‌ಗಳ ಕೆಳಗಿನ ಚಿಕ್ಕ ತಗಡನ್ನು ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ಗಾಳಿ ರೆಕ್ಕೆಗಳನ್ನು ತಾಕದೆ ಹೊರಟು ಹೋಗುತ್ತದೆ.

ನಟ್‌ಗಳನ್ನು ಮೊದಲು ಎಲ್ಲವೂ 10 ನ್ಯೂಟನ್ ಮೀಟರ್‌ಗೆ, ನಂತರ 10 ಮಿ.ಮೀ. ಸ್ಟಡ್ (ನಟ್ ಕೂರುವ ತಿರುಪಿನ ಸರಳು) ಆದರೆ 32ಕ್ಕೆ, 8 ಮಿ.ಮೀ. ಆದರೆ 25ಕ್ಕೆ ಬಿಗಿಯಿರಿ. ಎರಡು ಸುತ್ತಿಗೂ ಬೇರೆ ಬೇರೆ ಕ್ರಮವಿದೆ, ಕೈಪಿಡಿಯ ಚಿತ್ರ ಎದುರಿಗಿರಲಿ. 'ಇನ್ನೊಂದು ಚೂರು' ಎಂದು ಪಾನಾಕ್ಕೆ ಪೈಪ್ ಹಾಕಿದರೆ ಮೆಗ್ನೀಸಿಯಂ ಕೇಸ್‌ನಿಂದ ಸ್ಟಡ್ ಕಿತ್ತು ಬರುತ್ತದೆ, ಆಗ ಖರ್ಚು ಎಂಜಿನ್‌ನ ಹೊಟ್ಟೆಗೇ ಇಳಿಯುತ್ತದೆ.

ಟ್ಯಾಪೆಟ್ ಅಂತರ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಎಂಜಿನ್ ತಣ್ಣಗಿರುವಾಗ 0.15 ಮಿ.ಮೀ. ಇಡಿ, ಎರಡೂವರೆ ಲೀಟರ್ ಆಯಿಲ್ ತುಂಬಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಅಂತರವನ್ನು ಮತ್ತೊಮ್ಮೆ ನೋಡಿ, ಮೂರನೆಯ ಸಿಲಿಂಡರ್‌ನಿಂದ ಶುರು ಮಾಡಿ. ಹಳೆಯ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಅದರ ಗಾಳಿಗೆ ಅಡ್ಡ ನಿಲ್ಲುವುದರಿಂದ ಹೆಚ್ಚು ಕಾಯುವುದು ಅದೇ.